ಪರ್ವಾಗಿಲ್ಲ ಬುಡು

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಅಪ್ಪ ಕಬ್ಬಿಗೆ ನೀರು ಕಟ್ಟುತ್ತಿದ್ದರು. ನಾನು ಸ್ಕೂಲಿನ ನೋಟಿಸ್ ಬೋರ್ಡ್ ನೋಡಿಕೊಂಡು, ಬಸ್ಸಿಗೂ ಕಾಯದೆ, ನಾಲೆ ಏರಿ ಮೇಲೆ ಮೂರು ಕಿಲೋಮೀಟರ್ ಓಡಿಕೊಂಡೇ ಬಂದಿದ್ದೆ. ಫಸ್ಟ್ ಕ್ಲಾಸ್! 1994ರ ಮಾತು. ಪಾಂಡವಪುರ ತಾಲೂಕಿನ ನಮ್ಮಂಥ ಸಣ್ಣ ಊರಿನಲ್ಲಿ ಹುಡುಗಿ ಪಾಸಾಗುವುದೇ ದೊಡ್ಡ ಸುದ್ದಿ. ಬದುವಿನ ಮೇಲೆ ನಿಂತು ಕೂಗಿ ಹೇಳಿದೆ. ಅಪ್ಪ ಗುದ್ದಲಿ ಕೆಳಗಿಡಲಿಲ್ಲ. ಮಣ್ಣು ಎಳೆದು ಒಂದು ಸಾಲಿನ ಬಾಯಿ ಮುಚ್ಚಿದರು, ಪಕ್ಕದ ಸಾಲಿನ ಬಾಯಿ ಬಿಡಿಸಿದರು. ನೀರು ಆ ಕಡೆ ತಿರುಗಿದ ಮೇಲೆ, "ಪರ್ವಾಗಿಲ್ಲ ಬುಡು" ಅಂದರು. "ಅವ್ವಂಗೆ ಯೋಳ್ದಾ?" ಅಂತ ಕೇಳಿದರು. ಅಷ್ಟೇ.

ಆ ರಾತ್ರಿ ಕಂಬಳಿ ಮುಚ್ಚಿಕೊಂಡು ಅತ್ತಿದ್ದೆ.

ಹತ್ತು ದಿನ ಕಳೆದಿರಬೇಕು. ತಮ್ಮನನ್ನು ತಲೆಕೂದಲು ಕತ್ತರಿಸಲು ಬಿಟ್ಟಿದ್ದರು, ಕರೆದುಕೊಂಡು ಬರಲು ಕಟಿಂಗ್ ಶಾಪಿಗೆ ಹೋದೆ. ಬಾಗಿಲಲ್ಲೇ ಅಂಗಡಿಯವರು ಕತ್ತರಿ ನಿಲ್ಲಿಸಿ, "ಓ, ಫಸ್ಟ್ ಕ್ಲಾಸ್ ಬಂದ ಮಗ ನೀನೇ ಅಲ್ವಾ? ನಿಮ್ಮಪ್ಪ ಎಲ್ಡ್ ದಿನ ಇಲ್ಲೇ ಕೂತ್ಕಂಡು ಅದ್ನೇ ಯೋಳ್ತಿದ್ರು ಕಣವ್ವ" ಅಂದರು. ಆಮೇಲೆ ನೋಡಿದರೆ ಹಾಲಿನ ಡೇರಿಯವರಿಗೂ ಗೊತ್ತು, ರೇಷನ್ ಅಂಗಡಿಯವರಿಗೂ ಗೊತ್ತು. ಅಪ್ಪ ಊರಿಗೆಲ್ಲ ಹೇಳಿದ್ದರು. ನನಗೊಬ್ಬಳಿಗೆ ಹೇಳಿರಲಿಲ್ಲ.

ನಮ್ಮ ಕಡೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳನ್ನು ಎದುರಿಗೆ ಹೊಗಳಬಾರದು, ದೃಷ್ಟಿ ಆಗುತ್ತೆ. ಕೂಸಿನ ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತೇವೆ. ಹೊಸ ಮನೆಗೆ ಬೂದುಗುಂಬಳ ಕಟ್ಟುತ್ತೇವೆ. ಆಳೆತ್ತರ ಬೆಳೆದು ನಿಂತ ಕಬ್ಬಿನ ಪಕ್ಕದಲ್ಲಿ ನಿಂತು ಯಾರಾದರೂ "ಬೆಳೆ ಹೆಂಗದೆ?" ಅಂದರೆ, "ಏನೋ ಅದೆ ಕಣ" ಅನ್ನುವುದೇ ಉತ್ತರ. ಹಾಗಂದವರು ಬೆಳೆ ಬಗ್ಗೆ ಬೇಜಾರಿನಲ್ಲಿದ್ದಾರೆ ಅಂತ ಊರಿನಲ್ಲಿ ಯಾರೂ ತಿಳಿಯಲ್ಲ. ಇರುವ ಪ್ರೀತಿಯನ್ನು ಬಚ್ಚಿಡುವುದೂ ಕಾಪಾಡುವ ಒಂದು ದಾರಿ ಅಂತ ಆ ಜನ ನಂಬಿದ್ದರು.

ಇದೆಲ್ಲ ನನಗೆ ಮತ್ತೆ ನೆನಪಾಗಿದ್ದು ಮೈಸೂರಿನಲ್ಲಿ, ಹೈಸ್ಕೂಲ್ ಮೇಷ್ಟ್ರುಗಳಿಗೆ ನಡೆದ ಎರಡು ದಿನದ ಒಂದು ತರಬೇತಿಯಲ್ಲಿ. ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ತರಬೇತಿ. ನಮಗೆಲ್ಲ ಒಂದೊಂದು ಹಾಳೆ ಕೊಟ್ಟರು. ಹತ್ತು ವಾಕ್ಯ. ಒಪ್ಪುತ್ತೀರಾ, ಇಲ್ವಾ, ಎಷ್ಟರ ಮಟ್ಟಿಗೆ ಅಂತ ಗುರುತು ಹಾಕಬೇಕು. ಅಮೆರಿಕದ ಮಾರಿಸ್ ರೋಸೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ನ್ಯೂಯಾರ್ಕ್ ರಾಜ್ಯದ 5,000ಕ್ಕೂ ಹೆಚ್ಚು ಹೈಸ್ಕೂಲ್ ಮಕ್ಕಳನ್ನು ಕೇಳಿ, 1965ರಲ್ಲಿ ಪ್ರಕಟಿಸಿದ ಅಳತೆಪಟ್ಟಿ ಅದು. ಒಬ್ಬ ಮನುಷ್ಯನಿಗೆ ತನ್ನ ಬಗ್ಗೆ ಎಷ್ಟು ಬೆಲೆ ಇದೆ ಅಂತ ತಿಳಿಯಲು ಇವತ್ತಿಗೂ ಪ್ರಪಂಚದಲ್ಲಿ ಜಾಸ್ತಿ ಬಳಸುವುದು ಅದನ್ನೇ.

ಒಟ್ಟಿನಲ್ಲಿ ನನ್ನ ಬಗ್ಗೆ ನನಗೆ ತೃಪ್ತಿ ಇದೆ ಅನ್ನುವ ಅರ್ಥದ ಒಂದು ವಾಕ್ಯ ಇತ್ತು. "ಪೂರ್ತಿ ಒಪ್ಪುತ್ತೇನೆ" ಅಂತ ಗುರುತು ಹಾಕಲು ಪೆನ್ನು ಮುಂದೆ ಹೋಗಲಿಲ್ಲ. ಹಾಗೆ ಹಾಕಿದರೆ ಜಂಬ ಅಲ್ವಾ? ಹೆಮ್ಮೆಪಡುವಂಥದ್ದು ನನ್ನಲ್ಲಿ ಹೆಚ್ಚೇನೂ ಇಲ್ಲ ಅಂತ ಇನ್ನೊಂದು ವಾಕ್ಯ. ಅದಕ್ಕೆ ಯೋಚನೆಯನ್ನೇ ಮಾಡದೆ "ಹೌದು" ಹಾಕಿದೆ. "ಬೆಳೆ ಹೆಂಗದೆ" ಅಂದವರಿಗೆ "ಏನೋ ಅದೆ" ಅಂದ ಹಾಗೆ. ಕೊನೆಗೆ ಕೂಡಿ ನೋಡಿದರೆ 30ಕ್ಕೆ 14. ಹದಿನೈದಕ್ಕಿಂತ ಕಡಿಮೆ ಬಂದವರು ಸ್ವಲ್ಪ ಗಮನ ಕೊಡಬೇಕು ಅಂದರು. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ನಿಮ್ಮ ಬಗ್ಗೆ ಮೂರು ಒಳ್ಳೆಯ ಮಾತು ನೀವೇ ಹೇಳಿಕೊಳ್ಳಿ ಅಂತ ಸಲಹೆ ಕೊಟ್ಟರು.

ಒಂದು ವಾರ ಪ್ರಯತ್ನಪಟ್ಟೆ, ನಿಜವಾಗಲೂ. ಮಾತು ಗಂಟಲಿನಿಂದ ಈಚೆ ಬರಲಿಲ್ಲ. ಆದರೆ ನಾನು ದುಃಖದಲ್ಲಿರಲಿಲ್ಲ. ನನ್ನ ಕೆಲಸ ನನಗೆ ಇಷ್ಟ. ಮನೆ, ಮಕ್ಕಳು, ಸ್ಕೂಲು ಎಲ್ಲಾ ಕಡೆ ನನ್ನನ್ನು ಕೇಳುವವರಿದ್ದರು. ಹಾಗಿದ್ದರೆ ಆ 14 ಏನನ್ನು ಅಳೆಯಿತು? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ರಜೆಯಲ್ಲಿ ಓದಲು ಕೂತೆ.

ಮನಶ್ಶಾಸ್ತ್ರ ಮೈಸೂರಿಗೆ ಹೊಸದೇನಲ್ಲ. 1924ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅದಕ್ಕೊಂದು ವಿಭಾಗ ಶುರುವಾಯಿತು. ಅದನ್ನು ಕಟ್ಟಿ ಬೆಳೆಸಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಕಾರ್ಯಕ್ರಮ ಶುರುಮಾಡಿದವರು. ಆಕಾಶವಾಣಿ ಎಂಬ ಹೆಸರು ರೇಡಿಯೋಗೆ ಬಂದಿದ್ದು ಅಲ್ಲಿಂದಲೇ ಅನ್ನುತ್ತಾರೆ. ಮನಸ್ಸಿನ ಪಾಠ ಹೇಳುವ ಮೇಷ್ಟ್ರ ಮನೆಯಿಂದ ಬಂದ ದನಿ ಊರಿನವರಿಗೆ ಕೇಳಿತು ಅನ್ನೋದು ನನಗೆ ತುಂಬಾ ಇಷ್ಟವಾದ ಸಂಗತಿ.

ಓದುತ್ತಾ ಹೋದ ಹಾಗೆ ನನ್ನ 14ಕ್ಕೆ ಸ್ವಲ್ಪ ಅರ್ಥ ಸಿಕ್ಕಿತು. ಎಡ್ ಡೀನರ್ ಎಂಬ ವಿಜ್ಞಾನಿ ಮತ್ತು ಅವರ ಮಗಳು ಮರಿಸ್ಸಾ ಸೇರಿ, 31 ದೇಶಗಳ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿ 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ತನ್ನ ಬಗ್ಗೆ ತನಗಿರುವ ಬೆಲೆಗೂ ಬದುಕಿನ ತೃಪ್ತಿಗೂ ನಂಟು ಇದೆ, ಆದರೆ ಆ ನಂಟು ಎಲ್ಲಾ ಕಡೆ ಒಂದೇ ಸಮ ಗಟ್ಟಿ ಇಲ್ಲ. ಒಬ್ಬೊಬ್ಬರೇ ತಮ್ಮ ಪಾಡಿಗೆ ತಾವು ಅನ್ನುವ ಸಮಾಜಗಳಲ್ಲಿ ಅದು ಜಾಸ್ತಿ. ಮನೆ, ಕುಲ, ಊರು ಅಂತ ಕಟ್ಟಿಕೊಂಡು ಬದುಕುವ ಕಡೆ ಕಡಿಮೆ. ಇದಕ್ಕೆ ನಾಲ್ಕು ವರ್ಷ ಮೊದಲು ಹೇಝೆಲ್ ಮಾರ್ಕಸ್ ಮತ್ತು ಶಿನೊಬು ಕಿಟಯಾಮ ಎಂಬ ಮನಶ್ಶಾಸ್ತ್ರಜ್ಞರು ಕೂಡ ಇದರ ಹತ್ತಿರದ ಮಾತು ಹೇಳಿದ್ದರು. "ನಾನು" ಅನ್ನುವುದನ್ನೇ ಕೆಲವು ಕಡೆ ಜನ ಬೇರೆಯಾಗಿ ನಿಂತದ್ದು ಅಂತ ತಿಳಿಯುತ್ತಾರೆ, ಕೆಲವು ಕಡೆ ಹೆಣೆದುಕೊಂಡದ್ದು ಅಂತ. ಒಬ್ಬ ತಂದೆ, ಒಬ್ಬ ಮಗಳು ಕೂತು ಆ ಲೆಕ್ಕ ಹಾಕಿದ್ದಾರಲ್ಲ, ಅದನ್ನು ಓದುವಾಗ ನನಗೆ ನಾಲೆ ಏರಿ ಕಣ್ಣಮುಂದೆ ಬಂತು.

ನಮ್ಮ ಮಾತಿನಲ್ಲೇ ನೋಡಿ. ಮಾನ, ಅಭಿಮಾನ, ಸ್ವಾಭಿಮಾನ, ಬಿಗುಮಾನ, ಅವಮಾನ. ಒಂದು ಮಾನದ ಸುತ್ತ ಎಷ್ಟು ಪದ! ಊರಲ್ಲಿ ಮಾನವನ್ನು ಯಾರೂ "ನನ್ನೊಳಗಿದೆ" ಅನ್ನಲ್ಲ. ಮಾನ ಉಳೀತು, ಮಾನ ಹೋಯ್ತು, ಮಾನ ಕಾಪಾಡಿದ, ಮಾನ ಕಳೆದ ಅನ್ನುತ್ತಾರೆ. ಹೋಗುತ್ತೆ, ಬರುತ್ತೆ, ಇನ್ನೊಬ್ಬರು ಕಾಪಾಡಬಹುದು. ತಾಪಮಾನ ಅನ್ನುವಾಗ ಬರುವ ಮಾನವೂ ಇದೆ, ಅದು ಅಳತೆ. ಸಂಸ್ಕೃತದಲ್ಲಿ ಎರಡರ ಬೇರು ಬೇರೆ ಬೇರೆ, ಆದರೆ ಕನ್ನಡದ ಬಾಯಲ್ಲಿ ಎರಡೂ ಒಂದೇ ಸದ್ದು. ನನಗೆ ಇದು ಹಿಡಿಸಿತು, ಯಾಕೆ ಅಂದರೆ ಮಾರ್ಕ್ ಲಿಯರಿ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲಿ ಸಂಗಡಿಗರ ಜೊತೆ ಮಂಡಿಸಿದ ವಿಚಾರ ಇದೇ. ನಮ್ಮ ಬಗ್ಗೆ ನಮಗಿರುವ ಬೆಲೆ ಒಂದು ಮೀಟರು. ಸುತ್ತಲಿನವರು ನಮ್ಮನ್ನು ಎಷ್ಟು ಸೇರಿಸಿಕೊಂಡಿದ್ದಾರೆ, ಎಷ್ಟು ದೂರ ಇಟ್ಟಿದ್ದಾರೆ ಅಂತ ಅದು ತೋರಿಸುತ್ತೆ, ಗಾಡಿಯ ಪೆಟ್ರೋಲ್ ಮುಳ್ಳಿನ ಹಾಗೆ. ಟ್ಯಾಂಕು ಖಾಲಿ ಇದ್ದಾಗ ಬೆರಳಿನಿಂದ ಮುಳ್ಳನ್ನು ಮೇಲೆ ತಳ್ಳಿದರೆ ಗಾಡಿ ಹೋಗುತ್ತಾ? ಕನ್ನಡಿ ಮುಂದೆ ನಾನು ಆ ವಾರ ಮಾಡಿದ್ದು ಅದನ್ನೇ.

ಅವ್ವನ ವಿಷಯ ಹೇಳುತ್ತೇನೆ. ಊರಲ್ಲಿ ಅವಳನ್ನು ಯಾರೂ ಹೆಸರಿಡಿದು ಕರೆದಿದ್ದನ್ನು ನಾನು ಕೇಳಿರಲಿಲ್ಲ. ಇಂಥವರ ಸೊಸೆ, ಇಂಥವರ ಹೆಂಡ್ರು, ಆಮೇಲೆ ನನ್ನವ್ವ. ಊಟಕ್ಕೆ ಕೊನೆ, ಏಳುವುದಕ್ಕೆ ಮೊದಲು. 2000ದ ಹೊತ್ತಿಗೆ ಸ್ತ್ರೀಶಕ್ತಿ ಸಂಘಗಳು ಶುರುವಾದವು. ನಮ್ಮ ಬೀದಿಯ ಹೆಂಗಸರೂ ಒಂದು ಸಂಘ ಮಾಡಿಕೊಂಡರು. ವಾರಕ್ಕೊಂದು ದಿನ ಅಂಗನವಾಡಿಯಲ್ಲಿ ಸೇರಿ ಉಳಿತಾಯದ ದುಡ್ಡು ಕಟ್ಟಬೇಕು. ಒಂದು ಸಲ ಊರಿಗೆ ಹೋಗಿದ್ದಾಗ ನಾನೂ ಜೊತೆಗೆ ಹೋದೆ. ಪುಸ್ತಕ ಬಿಚ್ಚಿ ಹಾಜರಿ ಕೂಗುತ್ತಿದ್ದರು. ಅವ್ವನ ಹೆಸರು ಬಂತು. (ಆ ಹೆಸರು ಇಲ್ಲಿ ಬರೆಯಲ್ಲ, ಅದು ಅವಳದು.) ಅವ್ವ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, "ಬಂದಿವ್ನಿ" ಅಂದಳು. ಮನೆಯಲ್ಲಿ ಆ ದನಿ ನಾನು ಕೇಳಿರಲೇ ಇಲ್ಲ. ಮುಂದಿನ ವರ್ಷಗಳಲ್ಲಿ ದುಡ್ಡಿನ ಪೆಟ್ಟಿಗೆಯ ಬೀಗದ ಕೈ ಅವಳ ಹತ್ತಿರವೇ ಇತ್ತು. ತಾಳಿ ಸರದ ಜೊತೆ ಪಿನ್ನಿಗೆ ಸಿಕ್ಕಿಸಿಕೊಂಡಿರುತ್ತಿದ್ದಳು. ಸ್ನಾನಕ್ಕೆ ಹೋಗುವಾಗಲೂ ತೆಗೆಯುತ್ತಿರಲಿಲ್ಲ.

ಅವ್ವನ ಆ ಬೆನ್ನು ನೆಟ್ಟಗಾಗಿದ್ದು ನಮ್ಮ ಮನೆಗೆ ಎಷ್ಟು ಬೇಕಾಗಿತ್ತು ಅಂತ ಗೊತ್ತಾಗಿದ್ದು ಅಪ್ಪ ಬಗ್ಗಿದಾಗ.

ಕಬ್ಬು ಕಡಿದು ಕಳಿಸಿದ ಮೇಲೆ 14 ದಿನದೊಳಗೆ ಕಾರ್ಖಾನೆಯವರು ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ನಮ್ಮಪ್ಪ ಕಬ್ಬು ಕೊಟ್ಟ ಕಾರ್ಖಾನೆಯಿಂದ ತಿಂಗಳುಗಟ್ಟಲೆ ದುಡ್ಡು ಬರಲಿಲ್ಲ. ಕಬ್ಬು ಅಂದರೆ ವರ್ಷದ ಬೆಳೆ. ಆ ವರ್ಷದ ಅಷ್ಟೂ ಸಂಪಾದನೆ ಒಂದೇ ಕಡೆ ಸಿಕ್ಕಿಕೊಂಡ ಹಾಗೆ. ಬೋರು ಕೊರೆಸಲು ಮಾಡಿದ ಸಾಲ ಇತ್ತು. ಸೊಸೈಟಿ ಸಾಲ, ಅವ್ವನ ಓಲೆ ಅಡವಿಟ್ಟ ಸಾಲ, ಅದರ ಮೇಲೆ ಕೈಸಾಲ. ಒಂದು ಬೆಳಿಗ್ಗೆ ಕೈಸಾಲ ಕೊಟ್ಟವರು ಬಂದು ಬೀದಿಯಲ್ಲೇ ನಿಂತರು. ಒಳಗೆ ಬರಲಿಲ್ಲ. "ಮಾನ ಮರ್ವಾದೆ ಇದ್ರೆ ಈಚೆಗ್ ಬಾ" ಅಂತ ಕೂಗಿದರು. ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದವು. ಅಪ್ಪ ಈಚೆಗೆ ಬಂದರು. ಬರುವಾಗ ಹೆಗಲ ಮೇಲಿದ್ದ ಟವಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು ಅಂತ ಅವ್ವ ಹೇಳಿದಳು. ಹೆಗಲ ಮೇಲಿನ ಟವಲ್ಲು ಕಂಕುಳಿಗೆ ಬಂತು ಅಂದರೆ ಏನು ಅಂತ ಮಂಡ್ಯದ ಕಡೆಯವರಿಗೆ ಗೊತ್ತು.

ಆವತ್ತಿನಿಂದ ಅಪ್ಪ ಅರಳಿಕಟ್ಟೆಗೆ ಹೋಗುವುದು ನಿಂತಿತು. ಡೇರಿಗೆ ಹಾಲು ಹಾಕಲು ಅವ್ವನನ್ನೇ ಕಳಿಸಿದರು. ಗದ್ದೆಗೆ ಹಿತ್ತಲಿನಿಂದ ಸುತ್ತಿಕೊಂಡು ಹೋಗುತ್ತಿದ್ದರು. ಅಣ್ಣನ ಮಗನ ಮದುವೆಗೆ ಹೊಟ್ಟೆನೋವು ಅಂದುಬಿಟ್ಟರು. ಮುದ್ದೆ ಮುರಿದು ಅರ್ಧ ತಟ್ಟೆಯಲ್ಲೇ ಬಿಡುತ್ತಿದ್ದರು. ಅದು 2015. ಜೂನ್, ಜುಲೈ ತಿಂಗಳ ಪೇಪರ್ ನೋಡಿದವರಿಗೆ ನೆನಪಿರುತ್ತೆ, ನಮ್ಮ ಜಿಲ್ಲೆಯಿಂದ ರೈತರ ಆತ್ಮಹತ್ಯೆಯ ಸುದ್ದಿ ಒಂದರ ಹಿಂದೆ ಒಂದು ಬರುತ್ತಿತ್ತು. ಎಷ್ಟೋ ಜನ ಕಬ್ಬು ಬೆಳೆಗಾರರು. ಪೇಪರಿನಲ್ಲಿ ಸಾಲದ ಮೊತ್ತ ಬರೆಯುತ್ತಿದ್ದರು. ಎಷ್ಟು ದಿನದಿಂದ ಆ ಮನುಷ್ಯ ಕಟ್ಟೆಗೆ ಹೋಗಿರಲಿಲ್ಲ ಅಂತ ಯಾರೂ ಬರೆಯುತ್ತಿರಲಿಲ್ಲ. ಅವ್ವ ಯಾರಿಗೂ ಹೇಳದೆ, ಕೊಟ್ಟಿಗೆಯಲ್ಲಿದ್ದ ಔಷಧಿ ಡಬ್ಬಗಳನ್ನೆಲ್ಲ ಚೀಲಕ್ಕೆ ತುಂಬಿ ತವರಿಗೆ ಸಾಗಿಸಿದಳು. ನನಗೆ ಫೋನ್ ಮಾಡಿ, "ಬಾ ಮಗ, ನಿಮ್ಮಪ್ಪನ್ನ ಡಾಕ್ಟ್ರಿಗೆ ತೋರ್ಸವ" ಅಂದಳು. ಸಂಘದ ಪೆಟ್ಟಿಗೆಯಿಂದ ಸಾಲ ಎತ್ತಿ ಕೈಸಾಲದ ಬಡ್ಡಿ ಕಟ್ಟಿದ್ದೂ ಅವಳೇ.

ಮೈಸೂರಿನಲ್ಲಿ ಮನೋವೈದ್ಯರಿಗೆ ತೋರಿಸಿದೆವು. ಮಾತ್ರೆ ಕೊಟ್ಟರು, ನಿದ್ದೆ ಬಂತು. ಅದು ಸಣ್ಣ ಸಂಗತಿ ಅಲ್ಲ. ನಿದ್ದೆ ಇಲ್ಲದ ಮನುಷ್ಯನಿಗೆ ಯಾವ ಮಾತೂ ಇಳಿಯಲ್ಲ. ಈಗಂತೂ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡುತ್ತಾರೆ. 2022ರಲ್ಲಿ ಶುರುವಾಗಿದ್ದು. ಆಗ ಅದು ಇರಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹಿತ್ತಲ ದಾರಿ ಹಿಡಿದಿದ್ದರೆ ದಯವಿಟ್ಟು ಆ ನಂಬರ್ ಬರೆದಿಟ್ಟುಕೊಳ್ಳಿ.

ನಿದ್ದೆ ಬಂದರೂ ಅಪ್ಪ ಈಚೆಗೆ ಬರಲಿಲ್ಲ. ವಾರವಾರ ನಾನು ಹೋಗಿ ಧೈರ್ಯ ಹೇಳುತ್ತಿದ್ದೆ. ನೀನೇನೂ ತಪ್ಪು ಮಾಡಿಲ್ಲ, ದುಡ್ಡು ಬಾಕಿ ಇಟ್ಟುಕೊಂಡವರು ತಲೆತಗ್ಗಿಸಬೇಕು, ನೀನ್ಯಾಕೆ ಅನ್ನುತ್ತಿದ್ದೆ. ಹೂಂ ಅನ್ನುತ್ತಿದ್ದರು. ಆ ಮುಳ್ಳು ಅಲ್ಲಾಡಲಿಲ್ಲ.

ಅಲ್ಲಾಡಿಸಿದ್ದು ಬೀದಿ ಕೊನೆಯ ಮನೆಯ ಹುಡುಗ. ಬೇಬಿಬೆಟ್ಟದ ದನಗಳ ಜಾತ್ರೆ ಹತ್ತಿರ ಬಂದಿತ್ತು. ಬಂದು ಜಗಲಿ ಮೇಲೆ ಕೂತ. "ಅಣ್ಣೋ, ಜಾತ್ರೆಗೆ ಹೊಂಟಿವ್ನಿ. ಒಂಜೊತೆ ಎತ್ತು ತರ್ಬೇಕು. ಹೊಂಡು" ಅಂದ. ಅಪ್ಪ, "ನಾನ್ಯಾಕ್ಲಾ, ಬ್ಯಾರೆ ಯಾರ್ನಾರ ಕರ್ಕೊಂಡೋಗು" ಅಂದರು. "ನೀನು ಸುಳಿ ನೋಡ್ದೆ ನಾನು ತಂದ್ರೆ ಊರೋರು ನಗಾಕಿಲ್ವಾ?" ಅಂದ ಅವನು. ಕಾಫಿ ಕುಡಿದ. ಏಳಲಿಲ್ಲ. ಲೋಟ ಪಕ್ಕಕ್ಕಿಟ್ಟು ಸುಮ್ನೆ ಕೂತೇ ಇದ್ದ. ಎಷ್ಟೋ ಹೊತ್ತಾದ ಮೇಲೆ ಅಪ್ಪ ಎದ್ದು, ಗೂಟದ ಮೇಲಿದ್ದ ಟವಲ್ಲು ತೆಗೆದು ಒದರಿ ಹೆಗಲ ಮೇಲೆ ಹಾಕಿಕೊಂಡರು. ಅವ್ವ ಅಡುಗೆಮನೆಯಿಂದ ನೋಡುತ್ತಿದ್ದಳು. ಆ ರಾತ್ರಿ ಫೋನಿನಲ್ಲಿ ಹೇಳುವಾಗ ಅವಳ ದನಿ ಕಟ್ಟಿತು.

ಆ ಹುಡುಗ ಅಪ್ಪನನ್ನು ಹೊಗಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನೀನಿಲ್ಲದೆ ನನಗಾಗಲ್ಲ ಅಂದ. ಅದು ನಿಜವೂ ಹೌದು. ಹಳ್ಳಿಕಾರ್ ಎತ್ತಿನ ವಿಷಯದಲ್ಲಿ ಅಪ್ಪನ ಕಣ್ಣು ಅಂಥದ್ದು. ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಹಲ್ಲೆಲ್ಲ ಬಂದು ಬಾಯಿಗೂಡಿದೆಯೋ ನೋಡುತ್ತಾರೆ. ಮೈಮೇಲಿನ ಕೂದಲಿನ ಸುಳಿ ಎಣಿಸುತ್ತಾರೆ. ನಾಲ್ಕು ಹೆಜ್ಜೆ ನಡೆಸಿ ಗೊರಸಿನ ಸದ್ದು ಕೇಳುತ್ತಾರೆ.

ಜಾತ್ರೆಯ ವ್ಯಾಪಾರ ನೀವು ನೋಡಿದ್ದೀರಾ? ಬೆಲೆಯನ್ನು ಬಾಯಲ್ಲಿ ಹೇಳಲ್ಲ. ಇಬ್ಬರ ಕೈಮೇಲೆ ಟವಲ್ಲು ಮುಚ್ಚಿ, ಒಳಗೆ ಬೆರಳು ಹಿಡಿದು ಬೆಲೆ ಕೇಳುತ್ತಾರೆ. ಸುತ್ತ ನೂರು ಜನ ನಿಂತಿರಲಿ, ಯಾರು ಎಷ್ಟಕ್ಕೆ ಇಳಿದರು, ಯಾರು ಎಷ್ಟಕ್ಕೆ ಬಗ್ಗಿದರು ಅಂತ ಮೂರನೆಯವರಿಗೆ ತಿಳಿಯಲ್ಲ. ಕಡಿಮೆಗೆ ಕೊಟ್ಟವನ ಮಾನವೂ ಉಳಿಯುತ್ತೆ, ಕೊಳ್ಳಲಾಗದೆ ಕೈಬಿಟ್ಟವನ ಮಾನವೂ ಉಳಿಯುತ್ತೆ. ಇಷ್ಟು ಸೂಕ್ಷ್ಮ ತಿಳಿದ ಜನ ನಾವು. ಅಂಥವರ ನಡುವೆಯೇ ಒಬ್ಬ ಮನುಷ್ಯನ ಸಾಲವನ್ನು ಬೀದಿಯಲ್ಲಿ ನಿಂತು ಕೂಗಿದರು ಅನ್ನೋದನ್ನು ನನಗೆ ಇವತ್ತಿಗೂ ನುಂಗಲು ಆಗುವುದಿಲ್ಲ.

ಊರನ್ನು ಸುಮ್ನೆ ಹೊಗಳಿ ಮುಗಿಸಲಾರೆ. ಅಪ್ಪನಿಗೆ ಮಾನ ಕೊಟ್ಟ ಆ ಅರಳಿಕಟ್ಟೆಯ ಮೇಲೆ ನನ್ನ ಜೊತೆ ಓದಿದ ಗೆಳತಿಯ ಅಪ್ಪ ಕೂರುವ ಹಾಗಿರಲಿಲ್ಲ. ಕಟ್ಟೆಯ ಕೆಳಗೆ, ಸ್ವಲ್ಪ ದೂರದಲ್ಲಿ ನಿಂತು ಮಾತಾಡುತ್ತಿದ್ದರು. ಆಗ ನನಗೆ ಅದು ಕಾಣಲೇ ಇಲ್ಲ, ಕಂಡಿದ್ದು ಎಷ್ಟೋ ವರ್ಷದ ಮೇಲೆ. ಸುತ್ತಲಿನವರ ಕಣ್ಣಿನಲ್ಲಿ ನಮ್ಮ ಬೆಲೆ ಇದೆ ಅನ್ನುವುದಾದರೆ, ಆ ಕಣ್ಣುಗಳೇ ಹುಟ್ಟಿನಿಂದ ಕೆಳಗಿಟ್ಟವರ ಗತಿ ಏನು? ನನ್ನ ಗೆಳತಿ ಈಗ ಮೈಸೂರಿನಲ್ಲಿ ವಕೀಲೆ. ಅವಳು "ಸ್ವಾಭಿಮಾನ" ಅನ್ನುವಾಗ ಆ ಪದಕ್ಕೆ ಬೇರೆಯೇ ತೂಕ ಇರುತ್ತೆ. ಅವರ ಕೇರಿಯವರು ತಮ್ಮದೇ ಸಭೆ, ತಮ್ಮದೇ ಹಾಡು, ಅಂಬೇಡ್ಕರ್ ಜಯಂತಿಯ ಮೆರವಣಿಗೆ ಅಂತ ಬೇರೊಂದು ಕಟ್ಟೆಯನ್ನೇ ಕಟ್ಟಿಕೊಂಡರು. "ನಮ್ಮನ್ನು ನೋಡೋ ಕಣ್ಣುಗಳನ್ನೇ ನಾವು ಬದಲಾಯಿಸಿಕೊಂಡ್ವಿ ಕಣೆ" ಅಂದಳು ಒಂದು ದಿನ. ನಾನು ಓದಿದ ಯಾವ ಅಧ್ಯಯನಕ್ಕಿಂತ ಆ ಮಾತು ನನಗೆ ಜಾಸ್ತಿ ಕಲಿಸಿತು.

ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ, ಎಂಟನೇ ತರಗತಿ. ನೋಟ್ಸಿನ ಹಿಂದಿನ ಹಾಳೆಯಲ್ಲಿ ಜಂಬೂಸವಾರಿಯ ಆನೆ ಬರೆದಿದ್ದ. ಕಾಲಿನ ಸುಕ್ಕು, ಕಿವಿಯ ಅಂಚಿನ ಹರಿದ ಚೂರು, ಎಲ್ಲಾ ಇತ್ತು. "ತುಂಬಾ ಚೆನ್ನಾಗಿ ಬರೆದಿದ್ದೀಯ ಕಣೋ" ಅಂದೆ. ಅವನು ತಿರುಗಿ ಹಿಂದಿನ ಬೆಂಚು ನೋಡಿದ, ಯಾರಿಗೆ ಹೇಳಿದ್ದು ಅಂತ. ನನಗೆ ಹೊಟ್ಟೆ ಹಿಂಡಿದಂತಾಯಿತು. ಎದುರಿಗೆ ಹೊಗಳದೆ ಬೆಳೆಸುವುದರಲ್ಲಿ ಒಂದು ತೊಂದರೆ ಇದೆ. ಕಟಿಂಗ್ ಶಾಪಿನವರು ಬಾಯಿ ಬಿಡದಿದ್ದರೆ ನನಗೆ ಅಪ್ಪನ ಮನಸ್ಸು ಗೊತ್ತಾಗುತ್ತಲೇ ಇರಲಿಲ್ಲ. ಈಗಿನ ಮೈಸೂರಿನ ಬಡಾವಣೆಗಳಲ್ಲಿ ಅಪ್ಪಂದಿರು ಯಾವ ಕಟಿಂಗ್ ಶಾಪಿನಲ್ಲಿ ಕೂತು ಎರಡು ದಿನ ಹೇಳುತ್ತಾರೆ? ಮಾತು ಮುಟ್ಟಿಸುವ ದಾರಿ ಮುಚ್ಚಿದೆ, ಹೊಗಳಬಾರದು ಅನ್ನೋದು ಮಾತ್ರ ಉಳಿದಿದೆ. ಅದಕ್ಕೇ ನಾನು ಈಗ ಮಕ್ಕಳಿಗೆ ಎದುರಿಗೂ ಹೇಳುತ್ತೇನೆ, ಮನೆಗೂ ಫೋನ್ ಮಾಡಿ ಹೇಳುತ್ತೇನೆ. ಶಾರದಾ ಪೂಜೆಗೆ ಬೋರ್ಡಿನ ಮೇಲೆ ಚಿತ್ರ ಬರೆಯಲು ಆ ಹುಡುಗನನ್ನೇ ಕೇಳಿದೆ. ಮೂರು ದಿನ ಬೇಗ ಬಂದು ಬರೆದ.

ಕಬ್ಬಿನ ದುಡ್ಡು ಕಂತು ಕಂತಾಗಿ ಬಂತು. ಓಲೆ ಬಿಡಿಸಿಕೊಂಡೆವು. ಅಪ್ಪನಿಗೆ ಈಗ 75. ಜಾತ್ರೆಗೆ ಹೋಗಲು ಮಂಡಿನೋವು ಬಿಡಲ್ಲ, ಎತ್ತು ಕೊಳ್ಳುವವರೇ ಮನೆಗೆ ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿಕೊಂಡು ಹೋಗುತ್ತಾರೆ. "ಫೋಟದಲ್ಲಿ ಸುಳಿ ಕಂಡದೇನ್ಲಾ" ಅಂತ ಬೈಯುತ್ತಾರೆ, ಆದರೂ ಕನ್ನಡಕ ಹಾಕಿಕೊಂಡು ನೋಡುತ್ತಾರೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಸಂಜೆ ಜಗಲಿಯಲ್ಲಿ ಕೂತಿದ್ದಾಗ, ಆ ಟವಲ್ಲಿನೊಳಗಿನ ಲೆಕ್ಕ ಹೆಂಗಪ್ಪಾ ಅಂತ ಕೇಳಿದೆ. ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ ಅದನ್ನು. ಅಪ್ಪ ನನ್ನ ಮುಖ ನೋಡಿದರು. ಹೆಗಲ ಮೇಲಿನ ಟವಲ್ಲು ತೆಗೆದು ನಮ್ಮಿಬ್ಬರ ಕೈಮೇಲೆ ಹರಡಿದರು. ಒಳಗೆ ನನ್ನ ಬೆರಳು ಹುಡುಕಿ ಹಿಡಿದರು. ಕೈ ಸ್ವಲ್ಪ ನಡುಗುತ್ತಿತ್ತು, ಅಂಗೈ ಇನ್ನೂ ಒರಟು. ಎರಡು ಬೆರಳು ಒತ್ತಿದರು, ಬಿಟ್ಟರು, ಆಮೇಲೆ ಐದೂ ಸೇರಿಸಿ ಹಿಡಿದರು.

"ಯೋಳು, ಎಸ್ಟಾಯ್ತು?"

ನಾನು ಹೇಳಿದೆ. ತಪ್ಪಾಗಿತ್ತು.

"ಪರ್ವಾಗಿಲ್ಲ ಬುಡು" ಅಂದರು. "ಇನ್ನೊಂದ್ ಸಲ ಹಿಡೀತೀನಿ, ನೋಡ್ಕೊ."